ತೊಲೆಯ ಕೆಳಗೆ ಗಾಜಿನ ನೂಲು

ಭಾಂಡೆವಾಲಿ ನನ್ನ ಗಂಡನ ಅಂಗಿ ಬೇಡವೆಂದಳು.

ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಅವಳು. ಬೊಂಬಾಯಿಯ ಮಲಾಡಿನಲ್ಲಿ ಸಾಲುಮನೆಗಳ ನಮ್ಮ ಚಾಳಿಗೆ ಆಗಾಗ ಬರುತ್ತಾಳೆ. ತೇಪೆ ಹಾಕಿದ ಬಟ್ಟೆಯನ್ನೂ ಬಿಡುವವಳಲ್ಲ. ಅವರು ತೀರಿಕೊಂಡು ವರ್ಷ ತುಂಬಿತು, ಟ್ರಂಕಿನಲ್ಲಿ ಬಟ್ಟೆ ಇಟ್ಟುಕೊಂಡು ಏನು ಮಾಡಲಿ ಎಂದು ಕಳೆದ ವಾರ ಎಲ್ಲವನ್ನೂ ಹೊರಗೆ ತಂದೆ. ಲಾಂಡ್ರಿಯಲ್ಲಿ ಒಗೆಸಿದ ಮಗನ ಪ್ಯಾಂಟುಗಳನ್ನು ಅವಳು ತೆಗೆದುಕೊಂಡಳು. ಸೊಸೆಯ ಸೀರೆಗಳನ್ನೂ ತೆಗೆದುಕೊಂಡಳು. ಅವರ ಅಂಗಿಗಳನ್ನು ಮಾತ್ರ ಒಂದೊಂದಾಗಿ ತೋಳಿಗೆ ತಿಕ್ಕಿ ನೋಡಿ ಪಕ್ಕಕ್ಕಿಟ್ಟಳು.

"ನಕೋ ಬಾಯಿ, ಟೋಚತಂಯ್." ಚುಚ್ಚುತ್ತದಂತೆ.

ಕೆಲಸದ ಅಂಗಿ ಚುಚ್ಚುವುದು ನನಗೆ ಗೊತ್ತಿತ್ತು. ಆದರೆ ಅವಳು ಆ ಬಿಳಿಯ ಅಂಗಿಯನ್ನೂ ಬೇಡವೆಂದಳು. ಹಬ್ಬಕ್ಕೆ, ಮದುವೆಗೆ ಮಾತ್ರ ಹಾಕುತ್ತಿದ್ದದ್ದು. ಅದು ಒಂದು ದಿನವೂ ಅವರ ಕೆಲಸದ ಶೆಡ್ಡಿನ ಮುಖ ಕಂಡದ್ದಲ್ಲ.

ಶೋಭಾ, ಸುಧಾ, ನಿಮ್ಮ ಅಜ್ಜನ ಕೆಲಸ ಏನೆಂದು ನೀವು ಯಾವತ್ತೂ ಕೇಳಲಿಲ್ಲ. ನಾನೂ ಹೇಳಲಿಲ್ಲ. (ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಬರೆಯುವುದೆಂದರೆ ಅಷ್ಟು ಅಂಜಿಕೆಯಿಲ್ಲ.)

ಅವರು ಗದಗಿನ ಕಡೆಯ ಬಡಿಗರು. ಹಿಂದೆ ಒಂದು ಸಾಗವಾನಿ ಮರವೆಂದರೆ ಒಂದು ತೊಲೆ. ಈಗ ಅಂಥ ಮರ ಎಲ್ಲಿದೆ? ಇದ್ದರೂ ಕೊಳ್ಳುವವರು ಯಾರು? ಹಾಗಾಗಿ ಇಲ್ಲಿ ಹತ್ತಿರದ ಜೋಗೇಶ್ವರಿಯ ಒಂದು ಶೆಡ್ಡಿನಲ್ಲಿ ತೆಳ್ಳಗಿನ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಬಿಗಿದು, ತೊಲೆ ಮಾಡುತ್ತಿದ್ದರು. ಆಮೇಲೆ ಆ ತೊಲೆಯ ಕೆಳಮೈಗೆ ಗಾಜಿನ ನೂಲಿನ ಬಟ್ಟೆ ಹಚ್ಚಲು ಶುರು ಮಾಡಿದರು. ಹೌದು, ಗಾಜನ್ನೂ ನೂಲಾಗಿ ಎಳೆಯುತ್ತಾರೆ! ಅದರ ಮೇಲೆ ಘಾಟು ವಾಸನೆಯ ಅಂಟು ಸುರಿದರೆ ಒಣಗಿ ಕಲ್ಲಿನಂತಾಗುತ್ತದೆ.

ಕೆಳಗೇ ಯಾಕೆ ಹಚ್ಚಬೇಕು ಎಂದು ಎಷ್ಟೋ ವರ್ಷಗಳ ಮೇಲೆ, ಶೋಭಾ ಶಾಲೆಗೆ ಹೋಗುವಾಗ, ಒಂದು ದಿನ ನಾನು ಕೇಳಿದೆ. ಅವರು ಶೋಭಾಳ ರಬ್ಬರ್ ತೆಗೆದುಕೊಂಡು, ಬ್ಲೇಡಿನಿಂದ ಮೇಲೊಂದು, ಕೆಳಗೊಂದು ಗೀರು ಹಾಕಿದರು. ಎರಡು ಕಡ್ಡಿಪೆಟ್ಟಿಗೆಗಳ ಮೇಲೆ ಅದನ್ನಿಟ್ಟು ನಡುವೆ ಬೆರಳಿನಿಂದ ಒತ್ತಿದರು. ಮೇಲಿನ ಗೀರು ಮುಚ್ಚಿಕೊಂಡಿತು. ಕೆಳಗಿನದು ಬಾಯಿ ಬಿಟ್ಟಿತು.

"ನೋಡು, ಭಾರ ಬಿದ್ರ ಮ್ಯಾಲೆ ಒತ್ತತದ, ಕೆಳಗ ಹರೀತದ. ಹರಿಯೋ ಕಡೆ ನೂಲು ಹಚ್ಚಬೇಕು," ಎಂದರು. ತನ್ನ ರಬ್ಬರ್ ಕೆಟ್ಟಿತೆಂದು ಶೋಭಾ ಅತ್ತದ್ದೂ ನೆನಪಿದೆ.

ಶುರುವಿನಲ್ಲೇ ಶೆಡ್ಡಿನಲ್ಲಿ ಎರಡು ತೊಲೆಗಳ ಮೇಲೆ ಮರಳಿನ ಚೀಲ ಪೇರಿಸಿ ಪರೀಕ್ಷೆ ಮಾಡಿದರಂತೆ. ನೂಲಿಲ್ಲದ್ದು ಲಟ್ಟೆಂದು ಸೀಳಿತು. ನೂಲಿದ್ದದ್ದು ಬಾಗಿತು, ಮುರಿಯಲಿಲ್ಲ. ಅವತ್ತು ಲೋಕಲ್ ರೈಲು ಇಳಿದು ಬಂದವರು ಊಟದ ತುಂಬ ಅದನ್ನೇ ಹೇಳಿದರು. ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಆದರೆ ಗಾಜು ಗಾಜೇ ಅಲ್ಲವೆ? ಒಣಗಿದ ಅಂಚನ್ನು ಉಜ್ಜಿ ನಯ ಮಾಡುವಾಗ ಅದರ ಧೂಳು ಏಳುತ್ತಿತ್ತು. ಕಣ್ಣಿಗೆ ಕಾಣದ ಮುಳ್ಳು. ಮನೆಗೆ ಬಂದು ಎಷ್ಟು ನೀರು ಹಾಕಿಕೊಂಡರೂ ತುರಿಸಿಕೊಳ್ಳುತ್ತಲೇ ಇರುತ್ತಿದ್ದರು.

ನೂಲು ಹಚ್ಚಲು ಶುರು ಮಾಡಿದ ದಿನಗಳಲ್ಲೇ ಶೋಭಾ ಹುಟ್ಟಿದಳು. ಹೆಸರಿಡುವ ದಿನ ಅವರು ಸ್ನಾನ ಮಾಡಿ, ಆ ಬಿಳಿಯ ಅಂಗಿ ಹಾಕಿಕೊಂಡು ಕೂತಿದ್ದರು. ಸೊಸೆ ವಿಮಲಾ ಕೂಸನ್ನು ತಂದು ಅವರ ತೊಡೆಯ ಮೇಲೆ ಇಡಲು ಬಾಗಿದಳು. ಅವರು ಎದ್ದು ನಿಂತುಬಿಟ್ಟರು.

"ಬ್ಯಾಡವ್ವಾ, ಕೂಸಿಗೆ ಚುಚ್ಚತದ."

ಮನೆ ತುಂಬ ಜನ. ಎಲ್ಲರೂ ಮುಖ ಮುಖ ನೋಡಿಕೊಂಡರು. ಅವತ್ತು ಸಂಜೆ ವಿಮಲಾ ಪಾತ್ರೆ ತೊಳೆಯುತ್ತ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಒಗೆದ ಅಂಗಿ ಹೆಂಗ ಚುಚ್ಚತದ ಅತ್ತಿ? ಹೆಣ್ಣ ಕೂಸು ಚುಚ್ಚತದ ಅನ್ರಿ."

ತಮ್ಮ ಗಂಡುಮಕ್ಕಳನ್ನು ಹೆಗಲಿನಿಂದ ಇಳಿಸದ ಮನುಷ್ಯ ಅವರು! ಸುಧಾ ಹುಟ್ಟಿದಾಗಲೂ ಹಾಗೆಯೇ ದೂರ ನಿಂತರು. ಎರಡನೆಯದೂ ಹೆಣ್ಣು. ಇನ್ನು ಹೇಳಬೇಕೆ? ಚಾಳೆಲ್ಲ ಒಂದೇ ಮಾತಾಯಿತು. ಮಕ್ಕಳ ಕಿವಿಗೂ ಬಿತ್ತು. ಇವರು ಮಾತ್ರ ಮತ್ತೊಮ್ಮೆ ಕಾರಣ ಹೇಳಲು ಹೋಗಲಿಲ್ಲ. ಮಾರು ದೂರ ಕೂತು, ಮರದ ಚೂರಿನಿಂದ ಬುಗುರಿ ಮಾಡಿ ಮಕ್ಕಳ ಕಡೆ ಉರುಳಿಸುತ್ತಿದ್ದರು.

ಕಳೆದ ವಾರ ಭಾಂಡೆವಾಲಿ ಮೆಟ್ಟಿಲಿಳಿದು ಹೋದ ಮೇಲೆ ವಿಮಲಾ ಆ ಬಿಳಿಯ ಅಂಗಿಯನ್ನು ಕೈಗೆತ್ತಿಕೊಂಡಳು. ಮಡಿಕೆ ಬಿಚ್ಚಿ ತನ್ನ ಒಳತೋಳಿಗೆ ತಿಕ್ಕಿಕೊಂಡಳು. ಸ್ವಲ್ಪ ಹೊತ್ತಿಗೆ ಅಲ್ಲಿ ಕೆಂಪು ಗೀರುಗಳೆದ್ದವು. ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಅತ್ತಿ, ಮಾವನೋರ ಬಟ್ಟಿ ಎಲ್ಲಾ ಒಂದ ಬಕೀಟಿನ್ಯಾಗ ನೆನಸ್ತಿದ್ರೇನು?"

ಹೌದು. ಶೆಡ್ಡಿನ ಅಂಗಿ, ಹಬ್ಬದ ಅಂಗಿ, ನನ್ನ ಸೀರೆ, ಎಲ್ಲ ಒಂದೇ ಬಕೆಟ್ಟು. ನಲ್ಲಿ ನೀರು ಬರುವ ಹೊತ್ತಿಗೆ ಇನ್ನೆಷ್ಟು ಬಕೆಟ್ಟು ಇಡಲಿ? ಕೂಸಿನ ಬಟ್ಟೆಯನ್ನೂ ತನ್ನದನ್ನೂ ವಿಮಲಾ ಬೇರೆ ಒಗೆಯುತ್ತಿದ್ದಳು. ಗಾಜಿನ ಎಳೆ ಶೆಡ್ಡಿನ ಅಂಗಿಯಿಂದ ಹಬ್ಬದ ಅಂಗಿಗೆ ದಾಟಿತ್ತು. ನನ್ನ ಮೈಯೂ ತುರಿಸುತ್ತಿತ್ತು, ಬೊಂಬಾಯಿಯ ಬೆವರು ಎಂದುಕೊಂಡಿದ್ದೆ. ಅವರಿಗೆ ಕಾರಣ ಗೊತ್ತಿತ್ತೋ ಇಲ್ಲವೋ. ಹಬ್ಬದ ಅಂಗಿ ಕೊರಳಿಗೆ ಚುಚ್ಚಿದ್ದಂತೂ ಗೊತ್ತಾಗಿರಬೇಕು. ಇದ್ದದ್ದನ್ನು ಇದ್ದಹಾಗೆ ಹೇಳಿದ್ದರು.

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಶೋಭಾ ತನ್ನ ಹಿಂದಿ ಬೆರೆತ ಅರೆಬರೆ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಫಿರ್ ಅಜ್ಜಾಗ ನಾ ಪಸಂದ್ ಇದ್ದೆ ಕ್ಯಾ?"

ನಾನು ಬಾಯಿ ತೆರೆಯುವ ಮೊದಲೇ ವಿಮಲಾ, "ಇದ್ದಿ. ಭಾಳ ಇಷ್ಟ ಇದ್ದಿ," ಎಂದಳು. ಸೆರಗೆಂದು ಕಣ್ಣೊರೆಸಿಕೊಳ್ಳಲು ಹೋಗಿ, ಕೈಯಲ್ಲಿದ್ದದ್ದು ಆ ಅಂಗಿಯೆಂದು ನೆನಪಾಗಿ ಕೆಳಗಿಟ್ಟಳು.

ಕೂಸನ್ನು ಎತ್ತಿಕೊಳ್ಳದ ಮನುಷ್ಯನ ಮನಸ್ಸಿನಲ್ಲಿ ಏನಿದೆಯೆಂದು ನಾವೆಲ್ಲ ಆಡಿಕೊಂಡೆವಲ್ಲ, ಒಬ್ಬರಾದರೂ ಆ ಅಂಗಿಯನ್ನು ತೋಳಿಗೆ ತಿಕ್ಕಿ ನೋಡಿದೆವೆ?