ಲಾಂಚಿನ ಕೊಸರು

ಎರಡು ದಿನಕ್ಕೆ ಒಟ್ಟು ಒಂಬತ್ತು ಸಾವಿರ ಖರ್ಚಾಯಿತು. ಸೇತುವೆ ಮೇಲೆ ಹೋಗಿದ್ದರೆ ಎಂಟರಲ್ಲಿ ಮುಗಿಯುತ್ತಿತ್ತು. ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕೆಂದು ಹೆಂಡತಿ ಹಟ ಹಿಡಿದಳು. ಹೆಚ್ಚಿನ ಸಾವಿರ ಲಾಂಚಿಗಾಗಿ ಹಿಡಿದ ಸುತ್ತು ದಾರಿಯ ಡೀಸೆಲ್ಲಿಗೆ ಹೋಯಿತು. ಹಟಕ್ಕೆ ಕಾರಣ ನಾನೇ.

ಮದುವೆಯಾದ ಹೊಸತು. ಆಗ ನಾನು ತುರುವೇಕೆರೆ ಸುತ್ತಿನ ತೋಟಗಳಿಗೆ ಸೈಕಲ್ ತುಳಿದು ತೆಂಗಿನಕಾಯಿ ಕೊಳ್ಳುತ್ತಿದ್ದೆ. ನೂರು ಕಾಯಿ ಎಣಿಸಿದ ಮೇಲೆ ಮೇಲಿಷ್ಟು ಹಾಕುವ ನಾಲ್ಕು ಕಾಯಿಯ ಕೊಸರೇ ನನ್ನ ಲಾಭ. ಕೊಸರಿಲ್ಲದೆ ಸೊಪ್ಪು ಕೂಡ ಕೊಂಡವನಲ್ಲ. ಮಾಯಸಂದ್ರದ ಒಂದು ತೋಟದಲ್ಲಿ ನಾಲ್ಕು ಕಾಸು ಮಿಕ್ಕಿತು. ಶರಾವತಿ ಹಿನ್ನೀರಿನಲ್ಲಿ ಬಸ್ಸೇ ಲಾಂಚು ಹತ್ತುತ್ತದಂತೆ ಎಂದು ಆಸೆ ಹುಟ್ಟಿಸಿ ಅವಳನ್ನು ಕರೆದೊಯ್ದೆ.

ದಡದಲ್ಲೊಬ್ಬಳು ಅನಾನಸ್ ಮಾರುತ್ತಿದ್ದಳು. ಮೂರಕ್ಕೆ ಒಂದು ಕೊಸರು ಹಾಕು ಎಂದು ಅವಳೆದುರು ಕೂತೆ. ಅವಳು ಸೋತು ನಾಲ್ಕನೆಯದನ್ನು ಕೊಡುವಷ್ಟರಲ್ಲಿ ಆ ದಿನದ ಕೊನೆಯ ಲಾಂಚು ನಡುನೀರಿನಲ್ಲಿತ್ತು. ನನ್ನನ್ನು ಬಿಟ್ಟು ಹತ್ತಲಾರದೆ ಹೆಂಡತಿ ಚೀಲ ಹಿಡಿದು ಅದನ್ನೇ ನೋಡುತ್ತ ನಿಂತಿದ್ದಳು. ಇನ್ನೊಂದು ದಿನ ಉಳಿಯಲು ದುಡ್ಡಿರಲಿಲ್ಲ. ವಾಪಸಾದೆವು. ಹಣ್ಣು ಸಿಹಿಯಾಗಿತ್ತು, ಅವಳು ಮುಟ್ಟಲಿಲ್ಲ.

ಈಚೆಗೆ ಸೇತುವೆಯಾಯಿತೆಂದು ಕೇಳಿ, ಹಿನ್ನೀರಿನಾಚೆಯ ದ್ವೀಪದಲ್ಲಿ ಒಂದು ವಸತಿಯನ್ನು ಫೋನಿನಲ್ಲೇ ಚೌಕಾಸಿ ಮಾಡಿ ಗೊತ್ತು ಮಾಡಿದೆ. ಕಾರು ಬಾಗಿಲಿಗೇ ಹೋಗುತ್ತೆ ಅಂದೆ.

"ಕಾರಲ್ಲಿ ಕೂತ್ಕಂಡು ದಾಟೋದಾದ್ರೆ ನೀವೇ ಹೋಗ್ಬನ್ನಿ. ನಂಗೆ ಲಾಂಚು ಬೇಕು ಕಣ್ರೀ."

ಮತ್ತೆ ಫೋನು ಮಾಡಿದೆ. "ಇಲ್ಲಿ ನಿಂತೋಯ್ತು ಸಾರ್," ಎಂದ ವಸತಿಯವನು. "ಇನ್ನೊಂದು ಕಡೆ ಓಡ್ತಿದೆ, ನಿಮಗೆ ಸುತ್ತಾಗುತ್ತೆ. ಅಲ್ಲೂ ಸೇತುವೆ ಏಳ್ತಿದೆ, ಬರೋದಾದ್ರೆ ಬೇಗ ಬನ್ನಿ." ಆ ವಾರವೇ ಹೊರಟೆವು.

ಲಾಂಚು ಹೊರಟಾಗ ಅವಳು ಕಾರಿನಿಂದಿಳಿದು ಮುಂದಿನ ಕಂಬಿ ಹಿಡಿದಳು. ಸೆರಗು ಗಾಳಿಗೆ ಹಾರುತ್ತಿತ್ತು. ನೀರಿನಲ್ಲಿ ನಿಂತ ಒಣಮರಗಳನ್ನು ಎಣಿಸುತ್ತಿದ್ದಳೇನೋ. ಕಾಲು ಗಂಟೆಗೆಲ್ಲ ಆಚೆ ದಡ ಬಂತು.

"ಇಷ್ಟೇನಾ?" ಅಂದಳು.

ಮೂವತ್ತು ವರ್ಷ ಕಾದವಳ ಆ ಮಾತು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಲಾಂಚು ನಡೆಸುವವನ ಬಳಿ ಹೋದೆ. "ನಮ್ ಕಡೆ ನೂರು ಕಾಯಿಗೆ ನಾಕು ಕೊಸರು ಹಾಕ್ತೀವಿ ಕಣಪ್ಪ. ನೀನೇನ್ ಹಾಕ್ತೀಯ?" ಎಂದು ಹಳೆಯ ಕತೆಯನ್ನೆಲ್ಲ ಹೇಳಿದೆ.

ಅವನು ನಕ್ಕ. "ಕಾರು ಇಳಿಸಿ ಪಕ್ಕಕ್ಕೆ ನಿಲ್ಸಿ ಬನ್ನಿ. ಅಮ್ಮ ಇಳಿಯೋದು ಬೇಡ. ಆಚೆಗೆ ಹೋಗಿ ವಾಪಸ್ ಬರ್ತೀನಿ, ಟಿಕೇಟಿಲ್ಲ."

ಹೋಗುತ್ತ ಒಂದು, ಬರುತ್ತ ಒಂದು. ಇಳಿಯುವಾಗ ಅವಳು, "ಮೂವತ್ತು ವರ್ಷಕ್ಕೆ ಎರಡೇ ಕೊಸರಾ? ವ್ಯಾಪಾರ ಮರೆತುಬುಟ್ರಿ," ಎಂದು ನನ್ನ ತೋಳು ಹಿಡಿದಳು.

ನೀವೂ ಹೊರಡುವುದಾದರೆ, ರೂಮು ಹಿಡಿಯುವ ಮೊದಲು ಲಾಂಚು ಯಾವ ಕಡೆ ಓಡುತ್ತಿದೆ, ಕೊನೆಯದು ಎಷ್ಟು ಗಂಟೆಗೆ ಎಂದು ವಸತಿಯವರನ್ನೇ ಕೇಳಿಕೊಳ್ಳಿ. ವಾರದ ನಡುವೆ ಹೋಗಿ, ಬಾಡಿಗೆ ಇಳಿಸುತ್ತಾರೆ. ದಾಟುವಾಗ ಕಾರಿನೊಳಗೆ ಕೂರಬೇಡಿ. ದಡದಲ್ಲಿ ಈಗಲೂ ಅನಾನಸ್ ಮಾರುತ್ತಾರೆ. ಹೇಳಿದ ಬೆಲೆ ಕೊಟ್ಟು ಮೊದಲು ಲಾಂಚು ಹತ್ತಿ. ಕೊಸರನ್ನು ಆಚೆ ದಡದಲ್ಲಿ ಕೇಳಬಹುದು.