ಗಣಪತಿಯ ಮ್ಯಾಟು

೨೦೧೫ರ ಮಾರ್ಚ್, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಪಿನ್ನರ್ ಎಂಬ ಇಂಗ್ಲಿಷ್ ಊರಿನ ಬಾಡಿಗೆ ಸಭಾಂಗಣದಲ್ಲಿ ನಾನು, ನನ್ನ ಹೆಂಡತಿ, ಏಳೆಂಟು ಇಂಗ್ಲಿಷ್ ಹೆಂಗಸರು ಮತ್ತು ನಮ್ಮ ಯೋಗದ ಟೀಚರ್ ಇದ್ದೆವು.

ಟೀಚರ್ ಶಿಸ್ತಿನ ಇಂಗ್ಲಿಷ್ ಹೆಂಗಸು. ಅದಕ್ಕೇ ನನಗೆ ಹಿಡಿಸಿದ್ದಳು. ಎಲ್ಲರ ಬೂಟುಗಳನ್ನು ಬಾಗಿಲಾಚೆ ಸಾಲಾಗಿ ಇಡಿಸುತ್ತಿದ್ದಳು. ಕಿಟಕಿ ಮುಚ್ಚಿ ಎನ್ನುವಾಗಲೂ ಕೈಮುಗಿಯುತ್ತಿದ್ದಳು. ಏನೇ ಕೇಳಿದರೂ "ಎಲ್ಲವೂ ಒಂದೇ" ಎನ್ನುತ್ತಿದ್ದಳು. ಹೆಂಡತಿಯ ಮೊಣಕಾಲು ನೋವಿಗೆ ನಮ್ಮ ಜಿಪಿ ಡಾಕ್ಟರು ಹೇಳಿದ್ದರಿಂದ ಹೋಗುತ್ತಿದ್ದೆವು. ನೋವು ಇಳಿಯುತ್ತಲೂ ಇತ್ತು.

ಅಂದು ಹಳೆಯ ಮ್ಯಾಟುಗಳನ್ನು ಎಸೆದು, ಎಲ್ಲರಿಗೂ ತನ್ನ ಉಡುಗೊರೆಯೆಂದು ಹೊಸವನ್ನು ಹಾಸಿದ್ದಳು. ಪ್ರತಿಯೊಂದರ ನಡುವೆ ದೊಡ್ಡ ಗಣಪತಿ. ಹೆಂಗಸರು ಅವನ ಹೊಟ್ಟೆಯ ಮೇಲೆ ಕಾಲೂರಿ ನಿಂತರು. ಹೆಂಡತಿ ಮ್ಯಾಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಂದೆ ಸರಿದಳು.

"ತಿರುವಿ ಹಾಸಲೇನ?" ಎಂದೆ.

"ಅವನ ಬೆನ್ನ ಮ್ಯಾಲ ನಿಂದರ್ಲೇನ್ರಿ?"

ಟೀಚರಿಗೆ ಹೇಳಿದೆ. "ಗೌರವದಿಂದಲೇ ಆರಿಸಿದ್ದು. ಎಲ್ಲವೂ ಒಂದೇ" ಎಂದಳು.

"ಹಾಗಾದರೆ ಬೂಟು ಯಾಕೆ ಹೊರಗೆ? ಏಸುವಿನ ಚಿತ್ರವನ್ನೂ ಹೀಗೇ ಹಾಸುತ್ತೀರಾ?" ನನ್ನ ದನಿ ಏರಿತ್ತು.

ಆಕೆ ಕೈಮುಗಿದಳು. "ಮ್ಯಾಟಿಲ್ಲದೆ ನಿಮ್ಮ ಹೆಂಡತಿ ಜಾರಿಬಿದ್ದರೆ ನಾನು ಹೊಣೆ. ಇವತ್ತು ಕುರ್ಚಿಯಲ್ಲಿ ಕೂತು ನೋಡಲಿ."

ದೇವರನ್ನು ತುಳಿಯುವವರಿಗೆ ಪಾಠ, ತುಳಿಯದವಳಿಗೆ ಕುರ್ಚಿ. ನನಗೆ ಮೈಯೆಲ್ಲ ಉರಿಯಿತು. ಮ್ಯಾಟನ್ನು ಸುತ್ತಿಕೊಂಡು ಹೆಂಡತಿಯೊಡನೆ ಹೊರಟೆ. ಟೀಚರ್ ಬಾಗಿಲಿನವರೆಗೂ ಬಂದು, ಹೆಂಡತಿಯ ಬೂಟುಗಳನ್ನು ಬಗ್ಗಿ ಜೋಡಿಸಿಕೊಟ್ಟಳು. ನಾನು ಕೈಮುಗಿಯಲಿಲ್ಲ.

ಸಂಜೆ, ಸಿಟ್ಟು ಇಳಿಯದೆಯೇ, ಗೋಡೆಗೆ ಮೊಳೆ ಹೊಡೆದು ಗಣಪತಿಯನ್ನು ನೇತುಹಾಕಿದೆ. ಅವನ ಮುಂದೆ ಜಮಖಾನ ಹಾಸಿ, ಟೀಚರ್ ಕಲಿಸಿದ ಆಸನಗಳನ್ನು ಅದೇ ಕ್ರಮದಲ್ಲಿ ಹೆಂಡತಿಯಿಂದ ಮಾಡಿಸಿ ಮುಗಿಸಿದೆ.