ಅಜ್ಜಿಯ ಹೊಗೆಸೊಪ್ಪಿನ ಸುಂಕ

ಈ ಸಂಗತಿ ನಡೆದದ್ದು ೨೦೧೫ನೆಯ ಇಸವಿಯಲ್ಲಿ, ನನಗಾಗ ನಲವತ್ತೊಂದು ವರ್ಷ. ಕಾಲವನ್ನು ಗೊತ್ತುಪಡಿಸದೆ ಮಾತು ಆರಂಭಿಸುವುದು, ಬಹುಕಾಲ ವ್ಯಾಕರಣ ಕಲಿಸಿದ ನನ್ನಿಂದ ಇಂದಿಗೂ ಆಗದು. ನಿನ್ನೆ ಕೊಳ್ಳೇಗಾಲದ ಬಸ್ಸಿನಲ್ಲಿ ಮುಂದಿನ ಸೀಟಿನ ವೃದ್ಧರೊಬ್ಬರು ಹೊಗೆಸೊಪ್ಪಿನ ಪೊಟ್ಟಣ ಬಿಚ್ಚಿದರು. ಹಳೆಯ ಬೆಲ್ಲದಂಥ, ಬಿಸಿಲುಂಡ ಮಣ್ಣಿನಂಥ ವಾಸನೆಯೊಂದು ಗಾಳಿಯಲ್ಲಿ ಸುಳಿಯಿತು. ಕಣ್ಣು ಮುಚ್ಚಿದೆ, ಬಸ್ಸು ಎತ್ತ ಸಾಗಿತೋ, ನಾನಂತೂ ಕೌದಳ್ಳಿಯ ನಮ್ಮ ಜಗಲಿಯಲ್ಲಿ ಇಳಿದಿದ್ದೆ.

ಅಲ್ಲಿ ಅಜ್ಜಿ ಕುಳಿತಿದ್ದಾಳೆ. ಮನೆಗೆ ಬಂದ ನೆಂಟ ತನ್ನ ಹೊಗೆಸೊಪ್ಪನ್ನು ಮೊದಲು ಅವಳ ಮುಂದಿಡಬೇಕು; ಅವಳು ಪಾಲು ಮುರಿದುಕೊಂಡ ಮೇಲೆಯೇ ಅವನ ಕಾಲಿಗೆ ನೀರು. ಇದನ್ನು ನಾವು ಸುಂಕವೆಂದೇ ಕರೆಯುತ್ತಿದ್ದೆವು. ಆಮದು ಸುಂಕದ ರಿಯಾಯಿತಿಗಾಗಿ ದೇಶದೇಶಗಳು ಮುನಿಸಿಕೊಳ್ಳುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಗುತ್ತಿದ್ದವನು ನಾನು.

ಆ ವರ್ಷದ ಆಷಾಢದ ಒಂದು ಮಧ್ಯಾಹ್ನ ಇಬ್ಬರು ನೆಂಟರು ಒಟ್ಟಿಗೆ ಬಂದರು: ತಮ್ಮನ ಹೆಂಡತಿಯ ಅಣ್ಣ ಸೆಲ್ವರಾಜ, ಗಡಿಯಾಚೆಯ ಅಂದಿಯೂರಿನವನು; ಮತ್ತು ನನ್ನ ಹೆಂಡತಿ ಸುಮಿತ್ರಳ ಅಣ್ಣ ನಂಜುಂಡಪ್ಪ, ಯಳಂದೂರಿನವರು. ಅಜ್ಜಿ ಸೆಲ್ವರಾಜನ ಹೊಗೆಸೊಪ್ಪಿನ ಎಲೆಯಲ್ಲಿ ಉಗುರಗಲ ಚಿವುಟಿದಳು. ನಂಜುಂಡಪ್ಪನವರ ಎಲೆಯಲ್ಲಿ ಅರ್ಧ ಮುರಿದಳು.

"ಅವ್ನಿಗೆ ಉಗುರಗಲ ಸುಂಕ, ನಂಗೆ ಅರ್ಧ ಎಲೆ! ಇದ್ಯಾವ ನ್ಯಾಯ ಕಣಜ್ಜಿ?"

"ಕೊಡಾಕೆ ಮನ್ಸಿಲ್ದಿದ್ರೆ ತಕಂಡು ಓಗಪ್ಪ."

ನಂಜುಂಡಪ್ಪನವರು ಊಟ ಮಾಡದೆ ಹೊರಟುಹೋದರು. ಇನ್ನು ಈ ಹೊಸಿಲು ತುಳಿಯುವುದಿಲ್ಲವೆಂದರು. ಗೌರಿಹಬ್ಬಕ್ಕೆ ಸುಮಿತ್ರಳಿಗೆ ತವರಿನ ಬಾಗಿನ ತರಬೇಕಾದವರು ಅವರೊಬ್ಬರೇ.

ರಾಯಭಾರಿಯಾಗಿ ನಾನೇ ಯಳಂದೂರಿಗೆ ಹೋದೆ. ಪ್ರಮಾಣವು ಪ್ರೀತಿಯ ಮಾಪನವಲ್ಲವೆಂಬುದನ್ನು ಕರ್ತೃ, ಕರ್ಮ, ಕ್ರಿಯಾಪದ ಒಂದೂ ತಪ್ಪದಂತೆ ವಿವರಿಸಿದೆ. ನಂಜುಂಡಪ್ಪನವರು ಆಕಳಿಸಿದರು. "ಪಾಠ ಸಾಕು ಮೇಷ್ಟ್ರೇ. ಇದು ಎಲೆ ಮಾತಲ್ಲ, ಮರ್ವಾದೆ ಮಾತು."

ಬರಿಗೈಯಲ್ಲಿ ಮರಳಿದೆ. "ಈ ಸಲ ಬಾಗಿನ ಇಲ್ಲ ಬುಡಿ," ಎಂದು ಸುಮಿತ್ರ ಒಳನಡೆದಳು. ಅದು ಅಜ್ಜಿಯ ಕಿವಿಗೆ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು ಸೊಂಟದ ಚೀಲ ಬಿಚ್ಚಿದಳು. ಒಳಗೆ ಉಗುರಗಲದ ಚೂರುಗಳು, ಎಷ್ಟೋ ಸಲದವು, ಒಂದೂ ಬಾಯಿಗೆ ಹೋಗದವು.

"ಅಂದಿಯೂರು ನಾನು ಉಟ್ಟಿದೂರು ಕಣವ್ವ. ಇದ್ನ ಮೂಸ್ತೀನಿ ಅಷ್ಟೇ. ಅಗದ್ರೆ ಮುಗ್ದೋಯ್ತದೆ. ನಾನು ಅಗಿಯೋದು ನಿಮ್ಮಣ್ಣನ ಎಲೆಯ. ಅದ್ಕೇ ಜಾಸ್ತಿ ಮುರ್ಕತೀನಿ."

ಆ ಸಂಜೆಯ ಬೆಳಕಿನಲ್ಲಿ ಅಜ್ಜಿ ಒಂದು ಚೂರನ್ನು ಮೂಗಿಗೆ ಹಿಡಿದು ಎಲ್ಲಿಗೋ ಹೋಗಿಬಿಟ್ಟಿದ್ದಳು. ಅವಳ ನೆನಪಿನ ಆ ಊರಿನ ದಾರಿ ನಮಗಾರಿಗೂ ಗೊತ್ತಿರಲಿಲ್ಲ.

ಸುಮಿತ್ರ ಅಣ್ಣನಿಗೆ ಫೋನು ಮಾಡಿದಳು. "ಅಜ್ಜಿ ಬಾಯ್ಗಾಕೋದು ನಿನ್ನ ಎಲೆ ಒಂದ್ನೇ ಕಣಣ್ಣ." ಆ ಕಡೆಯಿಂದ, "ಅಂಗಾ?"

ಗೌರಿಹಬ್ಬದ ಬೆಳಿಗ್ಗೆ ನಂಜುಂಡಪ್ಪನವರು ಬಾಗಿನದೊಡನೆ ಬಂದು, ಇಡೀ ಎಲೆಯನ್ನೇ ಅಜ್ಜಿಯ ಮಡಿಲಿಗೆ ಹಾಕಿದರು. ಅವಳು ಅರ್ಧ ಮುರಿದುಕೊಂಡು ಉಳಿದರ್ಧ ಹಿಂದಿರುಗಿಸಿದಳು. "ಎಲ್ಲಾನೂ ಇಸ್ಕಂಡ್ರೆ ನೀನು ತಿರ್ಗಾ ಯಾಕ್ಲಾ ಬಂದೀಯೆ?"

ಅಜ್ಜಿ ಈಗಿಲ್ಲ. ಯಾರೇನು ಕೊಟ್ಟರೂ ಬೇಡವೆನ್ನುವುದೇ ಸಭ್ಯತೆಯೆಂದು ನಂಬಿದ್ದ ನಾನು, ಯಳಂದೂರಿನಿಂದ ಹಲಸಿನ ಹಣ್ಣು ಬಂದರೆ ಈಗ ದೊಡ್ಡ ಪಾಲನ್ನೇ ಬಾಯಿಬಿಟ್ಟು ಕೇಳುತ್ತೇನೆ. ನಂಜುಂಡಪ್ಪನವರು ಬೈಯುತ್ತಲೇ ಕೊಯ್ದುಕೊಡುತ್ತಾರೆ. ಅಜ್ಜಿಯ ಎಲೆಯ ಆ ವ್ಯಾಜ್ಯ ಇತ್ಯರ್ಥವಾದದ್ದು ೨೦೧೫ನೆಯ ಇಸವಿ ಸೆಪ್ಟೆಂಬರ್ ಹದಿನಾರರಂದು.